ಕೆಚ್ಚಲು ಇಳಿಯದ ಕುದುರೆ: ಚೊಚ್ಚಲು ಗಬ್ಬದಲ್ಲಿ ಈಯುವ ಮುನ್ಸೂಚನೆಗಳ ವಿವೇಚನೆ

ಗಬ್ಬ, ಕೆಚ್ಚಲು, ಬೇನೆ, ಗಿಣ್ಣು, ಮಾಸು: ಪಶುವಿನ ಪ್ರಸವದ ಬಗೆಗಿನ ನಮ್ಮ ಮಾತೆಲ್ಲ ಕೊಟ್ಟಿಗೆಯದು. 12ನೇ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’ದಿಂದ ಇಂದಿನ ಹಾಲಿನ ಡೇರಿಯವರೆಗೆ ಕನ್ನಡದ ಪಶುವೈದ್ಯಜ್ಞಾನ ಮುಖ್ಯವಾಗಿ ದನದ ಸುತ್ತಲೇ ಬೆಳೆದಿದೆ. ಕುದುರೆ ಲಾಯದಲ್ಲಿ ರಾತ್ರಿ ಕಾವಲು ಕೂರುವವರ ಕಣ್ಣೂ ಸಾಮಾನ್ಯವಾಗಿ ಕೊಟ್ಟಿಗೆಯಲ್ಲಿ ಪಳಗಿದ್ದು. ಆ ಕಣ್ಣು ದೊಡ್ಡ ಆಸ್ತಿ. ಆದರೆ ಮೊದಲ ಸಲ ಗಬ್ಬವಾದ ಕುದುರೆಯ ಮುಂದೆ ಅದು ಎರಡು ಕಡೆ ಎಡವುತ್ತದೆ: ಕೆಚ್ಚಲನ್ನು ನಂಬುವಲ್ಲಿ, ಸಮಯವನ್ನು ಅಳೆಯುವಲ್ಲಿ. ಈ ಲೇಖನದ ವಾದ ಇಷ್ಟು: ಚೊಚ್ಚಲು ಕುದುರೆಯ ಲಕ್ಷಣಗಳು ‘ಇಂದು ರಾತ್ರಿ ಈಯುತ್ತದೆ’ ಎಂಬುದಕ್ಕಿಂತ ‘ಇಂದು ರಾತ್ರಿ ಇಲ್ಲ’ ಎಂಬುದನ್ನು ಹೆಚ್ಚು ಖಚಿತವಾಗಿ ಹೇಳುತ್ತವೆ, ಅವನ್ನು ಹಾಗೆಯೇ ಓದಬೇಕು.

ಮೊದಲು ದಿನದ ಲೆಕ್ಕ. ಹಸುವಿಗೆ 280 ದಿನ ಎಂದರೆ ಹೆಚ್ಚುಕಡಿಮೆ ಒಂದೆರಡು ವಾರದೊಳಗೆ ಲೆಕ್ಕ ಕೂಡಿಬರುತ್ತದೆ. ಕುದುರೆಯ ಗರ್ಭಾವಧಿ ಸರಾಸರಿ 340 ದಿನದ ಆಸುಪಾಸು; ಆದರೆ 320ರಿಂದ 365ರವರೆಗೆ ಎಲ್ಲವೂ ಸಹಜ. ದಿನದ ಬೆಳಕು ಕಡಿಮೆಯಿರುವ ತಿಂಗಳುಗಳಲ್ಲಿ ಈಯುವ ಕುದುರೆಗಳು ಕೆಲವು ದಿನ ಹೆಚ್ಚು ಹೊರುತ್ತವೆ ಎಂಬುದು ಉತ್ತರದ ದೇಶಗಳಲ್ಲಿ ಕಂಡ ಸಂಗತಿ. ಭಾರತದಲ್ಲಿ ಥರೋಬ್ರೆಡ್ ಕುದುರೆಯ ವಯಸ್ಸನ್ನು ಜನವರಿ 1ರಿಂದ ಎಣಿಸುವುದರಿಂದ ವರ್ಷಾರಂಭದ ಕಿರು ಹಗಲಿನ ತಿಂಗಳುಗಳಲ್ಲೇ ಮರಿ ಹುಟ್ಟಲೆಂದು ತಳಿಗಾರರು ಬಯಸುತ್ತಾರೆ. ಹಾಗೆಂದು ಇಂಗ್ಲೆಂಡಿನ ನ್ಯೂಮಾರ್ಕೆಟ್‌ನ ಲೆಕ್ಕವನ್ನು ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿಗೆ ತರಲಾಗದು. ನ್ಯೂಮಾರ್ಕೆಟ್‌ನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಕಿರು ಹಗಲಿಗೂ ಸುಮಾರು 9 ಗಂಟೆಯ ಅಂತರ. ಕುಣಿಗಲ್ಲಿನಲ್ಲಿ ಅದು ಒಂದೂವರೆ ಗಂಟೆ.

ದಿನ ತುಂಬಿತೆಂದು ಔಷಧ ಕೊಟ್ಟು ಈಯಿಸುವುದೂ ಅಪಾಯ. ಇದರ ಕಾರಣ ಮರಿಯ ದೇಹದಲ್ಲೇ ಇದೆ. ಕುರಿಮರಿಯಲ್ಲಿ ಶ್ವಾಸಕೋಶ ಮೊದಲಾದ ಅಂಗಗಳನ್ನು ಹೊರಬದುಕಿಗೆ ಮಾಗಿಸುವ ಕಾರ್ಟಿಸಾಲ್ ಹುಟ್ಟುವುದಕ್ಕೆ ವಾರಗಳ ಮೊದಲೇ ಏರತೊಡಗುತ್ತದೆ. ಕುದುರೆ ಮರಿಯಲ್ಲಿ ಆ ಏರಿಕೆ ಕಡೆಯ ಎರಡು ಮೂರು ದಿನಗಳ ಸಂಗತಿ. ಅಂದರೆ 345ನೇ ದಿನದಲ್ಲಿರುವ ಮರಿಯೂ ಇನ್ನೂ ಮಾಗಿರದೆ ಇರಬಹುದು. ತಾಯಿಯ ಕ್ಯಾಲೆಂಡರು ತುಂಬಿದ್ದಕ್ಕೂ ಮರಿ ಸಿದ್ಧವಾದದ್ದಕ್ಕೂ ಸಂಬಂಧ ಕಡಿಮೆ. ಮುನ್ಸೂಚನೆಗಳನ್ನು ಇಷ್ಟು ಎಚ್ಚರದಿಂದ ಓದಬೇಕಾಗಿರುವುದು ಇದಕ್ಕಾಗಿಯೇ.

ಹಲವು ಸಲ ಈದ ಕುದುರೆಯಲ್ಲಿ ಕ್ರಮ ಬಹುಮಟ್ಟಿಗೆ ನೆಟ್ಟಗಿರುತ್ತದೆ. ಎರಡರಿಂದ ನಾಲ್ಕು ವಾರ ಮುಂಚೆ ಕೆಚ್ಚಲು ಇಳಿಯುತ್ತದೆ, ಕಡೆಯ ವಾರದಲ್ಲಿ ತೊಟ್ಟುಗಳು ತುಂಬುತ್ತವೆ, ಈಯಲು ಒಂದೆರಡು ದಿನವಿರುವಾಗ ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಗಟ್ಟಿಯಾಗಿ ನಿಲ್ಲುತ್ತದೆ. ಬಾಲದ ಬುಡದ ಎರಡೂ ಬದಿ ಮೆತ್ತಗಾಗುತ್ತದೆ, ಯೋನಿತುಟಿ ಸಡಿಲಗೊಂಡು ಉದ್ದವಾಗುತ್ತದೆ. ಚೊಚ್ಚಲಲ್ಲಿ ಈ ಸರಣಿಯ ಯಾವ ಕೊಂಡಿಯೂ ಕಳಚಬಹುದು. ಕೆಚ್ಚಲು ಕಡೆಯ ಒಂದೆರಡು ದಿನದಲ್ಲಿ ದಿಢೀರನೆ ತುಂಬಬಹುದು. ಮರಿ ಹಾಕಿದ ಮೇಲಷ್ಟೇ ಹಾಲಿಳಿಯಬಹುದು. ಮೇಣ ಕಾಣದೆಯೇ ಈಯಬಹುದು. ಹರೆಯದ ಕುದುರೆಯ ಹಿಂಭಾಗದ ಸ್ನಾಯು ಬಿಗಿಯಾಗಿರುವುದರಿಂದ ಬಾಲದ ಬುಡದ ಸಡಿಲಿಕೆ ಬೆರಳಿಗೆ ಸಿಗುವುದೇ ಕಷ್ಟ. ಇನ್ನೊಂದು ಕೊರತೆ ಎಲ್ಲಕ್ಕಿಂತ ದೊಡ್ಡದು: ಹಿಂದಿನ ಈತದ ದಾಖಲೆಯಿಲ್ಲ. ಹಳೆಯ ಕುದುರೆ ಹೋದ ಸಲ ಏನು ಮಾಡಿತ್ತೋ ಸಾಮಾನ್ಯವಾಗಿ ಅದನ್ನೇ ಈ ಸಲವೂ ಮಾಡುತ್ತದೆ. ಚೊಚ್ಚಲು ಕುದುರೆಯನ್ನು ಅದರ ನಿನ್ನೆಯೊಂದಿಗೆ ಮಾತ್ರ ಹೋಲಿಸಬಹುದು.

ಆದ್ದರಿಂದ ಕೆಚ್ಚಲಿನ ಗಾತ್ರಕ್ಕಿಂತ ಅದರಲ್ಲಿ ಒಸರುವ ದ್ರವಕ್ಕೆ ಹೆಚ್ಚು ಬೆಲೆ. ಮೊದಲು ತೆಳ್ಳಗೆ ಒಣಹುಲ್ಲಿನ ಬಣ್ಣದಲ್ಲಿರುವ ಅದು ಜೇನಿನಂತೆ ಅಂಟಾಗಿ, ಮಬ್ಬಾಗಿ, ಕಡೆಗೆ ಬೆಳ್ಳಗಾಗುತ್ತದೆ. ಒಳಗೆ ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿ ಒಂದು ಹಂತದಲ್ಲಿ ಎರಡೂ ಅದಲುಬದಲಾಗುತ್ತವೆ, ಕ್ಯಾಲ್ಸಿಯಂ ಜಿಗಿಯುತ್ತದೆ, ಪಿಎಚ್ 7ಕ್ಕಿಂತ ಮೇಲಿದ್ದದ್ದು 6.4ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ನೀರಿನ ಗಡಸುತನ ಅಳೆಯುವ ಪಟ್ಟಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ 200 ಪಿಪಿಎಂ ಮುಟ್ಟಿದ ಕುದುರೆಗಳಲ್ಲಿ ಸುಮಾರು ಅರ್ಧದಷ್ಟು 24 ಗಂಟೆಯೊಳಗೆ, ಬಹುತೇಕ ಎಲ್ಲವೂ 72 ಗಂಟೆಯೊಳಗೆ ಈಯುತ್ತವೆ. ಅರ್ಧ ಎಂಬುದು ನಾಣ್ಯ ಚಿಮ್ಮಿದಷ್ಟೇ ಖಾತ್ರಿ. ಆದರೆ 200ಕ್ಕಿಂತ ಕೆಳಗಿರುವ ಕುದುರೆ ಮುಂದಿನ 24 ಗಂಟೆಯಲ್ಲಿ ಈಯುವ ಸಾಧ್ಯತೆ ತೀರಾ ಕಡಿಮೆ. ಕಾವಲಿನವರಿಗೆ ಒಂದು ರಾತ್ರಿಯ ನಿದ್ದೆ ಕೊಡುವುದು ಈ ಎರಡನೆಯ ಉತ್ತರ. ಪಿಎಚ್ ಪಟ್ಟಿಯೂ ಹೀಗೆಯೇ ‘ಇಲ್ಲ’ ಎಂಬಲ್ಲಿ ಗಟ್ಟಿ.

ಇಲ್ಲಿ ನಮ್ಮ ನೆಲಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ. ದ್ರವವನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಬೆರೆಸಿಯೇ ಗಡಸುತನದ ಪಟ್ಟಿ ಅದ್ದಬೇಕು. ತುಮಕೂರು, ಕೋಲಾರದ ಕಡೆಯ ಬೋರ್‌ವೆಲ್ ನೀರು ಬೆರೆಸಿದರೆ ಆ ನೀರಿನ ಸುಣ್ಣವೇ ಪಟ್ಟಿಯ ಬಣ್ಣ ಬದಲಿಸುತ್ತದೆ. ಬೇಕಾದದ್ದು ಕೆಲವೇ ಹನಿ. ಅದಕ್ಕಿಂತ ಹೆಚ್ಚು ಹಿಂಡಿದರೆ ಮರಿಯ ಗಿಣ್ಣು ಪೋಲು. ಚೊಚ್ಚಲು ಕುದುರೆಯ ಕೆಚ್ಚಲಿಗೆ ಅದುವರೆಗೆ ಯಾರ ಕೈಯೂ ಸೋಕಿರುವುದಿಲ್ಲ, ಕಚಗುಳಿಗೆ ಒದೆಯುತ್ತದೆ. ವಾರಗಳ ಮುಂಚಿನಿಂದಲೇ ಭುಜ, ಪಕ್ಕೆ, ಹೊಟ್ಟೆ ಸವರುತ್ತ ನಿಧಾನಕ್ಕೆ ಕೈಯನ್ನು ಅಲ್ಲಿಗೆ ತರಬೇಕು. ಈ ಅಭ್ಯಾಸ ಮುಂದೆ ಮರಿ ಬಾಯಿ ಹಾಕುವಾಗಲೂ ನೆರವಾಗುತ್ತದೆ. 310 ದಿನಕ್ಕೂ ಮುಂಚೆಯೇ ಹಾಲು ತೊಟ್ಟಿಕ್ಕಿದರೆ ಅದು ಈಯುವ ಸೂಚನೆಯಲ್ಲ. ಮಾಸಿನ ಸೋಂಕೋ ಅವಳಿಯೋ ಇರಬಹುದು, ಅಂದೇ ವೈದ್ಯರು ನೋಡಬೇಕು.

ಕುದುರೆ ಈಯುವುದು ಹೆಚ್ಚಾಗಿ ಇರುಳಿನಲ್ಲಿ. ರಾಸ್‌ಡೇಲ್ ಮತ್ತು ಶಾರ್ಟ್ 1967ರಲ್ಲಿ ಪ್ರಕಟಿಸಿದ ಅಧ್ಯಯನದ 501 ಈತಗಳಲ್ಲಿ ಶೇ. 86ರಷ್ಟು ಸಂಜೆ 7ರಿಂದ ಬೆಳಗಿನ 7ರೊಳಗೆ ಆದವು. ಅಂಥ ಒಂದು ರಾತ್ರಿಯನ್ನು ಹತ್ತಿರದಿಂದ ನೋಡಬೇಕು. ಮೇವಿನಲ್ಲಿ ಮುಖವಿಟ್ಟಿದ್ದ ಕುದುರೆ ಅಗಿಯುವುದನ್ನು ನಿಲ್ಲಿಸುತ್ತದೆ, ಒಂದೆರಡು ಕಡ್ಡಿ ತುಟಿಯಲ್ಲೇ ಉಳಿಯುತ್ತವೆ. ತಿರುಗಿ ಪಕ್ಕೆ ನೋಡುತ್ತದೆ. ಮುಂಗಾಲಿನಿಂದ ಹುಲ್ಲುಹಾಸನ್ನು ಕೆದಕುತ್ತದೆ. ಚೂರುಚೂರೇ ಲದ್ದಿ ಹಾಕುತ್ತದೆ. ಮೊಣಕೈ ಹಿಂದೆ, ಕುತ್ತಿಗೆಯ ಬದಿ ಅಂಗೈಯಗಲ ಒದ್ದೆ, ಬೆವರು. ಹೊಟ್ಟೆಶೂಲೆಯೂ ಹೀಗೆಯೇ ಕಾಣುತ್ತದೆ ಎಂಬುದನ್ನು ಮರೆಯಬಾರದು. ಈ ಹಂತ ಒಂದರಿಂದ ನಾಲ್ಕು ಗಂಟೆ. ದೀಪ ಹಾಕಿ ನಾಲ್ವರು ಬಾಗಿಲಲ್ಲಿ ನಿಂತರೆ ಕುದುರೆ ಬೇನೆಯನ್ನೇ ಮುಂದೂಡಬಲ್ಲದು. ಏನೂ ಆಗಿಲ್ಲವೆಂಬಂತೆ ಮತ್ತೆ ಮೇವಿಗೆ ಹೋಗುತ್ತದೆ.

ನೀರು ಒಡೆದ ಮೇಲೆ ಆ ನಿಯಂತ್ರಣ ಅದಕ್ಕಿಲ್ಲ. ಕೊಟ್ಟಿಗೆಯ ಕಣ್ಣು ಎರಡನೆಯ ಸಲ ಎಡವುವುದು ಇಲ್ಲಿ. ಹಸುವಿಗೆ ಗಂಟೆಗಟ್ಟಲೆ ಕಾಯಬಹುದು: ಅದರ ಮಾಸು ಗುಂಡಿಗಳಂತೆ ಅಲ್ಲಲ್ಲಿ ಗರ್ಭಕೋಶಕ್ಕೆ ಕಚ್ಚಿಕೊಂಡಿದ್ದು ಬಿಡಿಸಿಕೊಳ್ಳುವುದು ನಿಧಾನ. ಕುದುರೆಯ ಮಾಸು ಗರ್ಭಕೋಶಕ್ಕೆ ಪೂರ್ತಿ ಹಾಸಿಕೊಂಡಿದ್ದು ಬೇಗ ಬಿಡುತ್ತದೆ. ಬಿಟ್ಟೊಡನೆ ಮರಿಯ ಆಮ್ಲಜನಕ ನಿಲ್ಲುತ್ತದೆ. ಮರಿ ಹೊರಬರಲು ಇರುವ ಕಾಲ 20ರಿಂದ 30 ನಿಮಿಷ, ಚೊಚ್ಚಲಲ್ಲಿ ಸ್ವಲ್ಪ ಹೆಚ್ಚು. ಐದು ಹತ್ತು ನಿಮಿಷದಲ್ಲಿ ಬಿಳಿ ಪೊರೆ, ಒಂದರ ಹಿಂದೊಂದು ಎರಡು ಗೊರಸು, ಮೇಲೆ ಮೂತಿ ಕಾಣಬೇಕು. ಬಿಳಿಯ ಬದಲು ಕೆಂಪು ಮಖಮಲ್ಲಿನಂಥ ಪೊರೆ ಬಂದರೆ ಮಾಸು ಮುಂಚೆಯೇ ಕಳಚಿದೆ. ವೈದ್ಯರಿಗೆ ಕಾಯದೆ ಆ ಕ್ಷಣವೇ ಅದನ್ನು ಸೀಳಿ ಮರಿಯನ್ನು ಎಳೆಯಬೇಕು.

ಕೆಚ್ಚಲು ಇಳಿಯದೆಯೇ ಈದ ಕುದುರೆಯಲ್ಲಿ ಮುಂದಿನ ಪ್ರಶ್ನೆ ಗಿಣ್ಣಿನದು. ಕುದುರೆಯ ಮಾಸು ತಾಯಿಯ ರೋಗನಿರೋಧಕ ಪ್ರೋಟೀನನ್ನು ಗರ್ಭದೊಳಕ್ಕೆ ಬಿಡುವುದಿಲ್ಲ. ಮರಿಗೆ ಅದು ಸಿಗುವುದು ಗಿಣ್ಣಿನಿಂದ ಮಾತ್ರ, ಅದನ್ನು ಹೀರುವ ಶಕ್ತಿ ಕರುಳಿಗೆ ಇರುವುದು ಹೆಚ್ಚೆಂದರೆ ಒಂದು ದಿನ. ಮರಿ ಒಂದು ಗಂಟೆಯಲ್ಲಿ ಎದ್ದು ಎರಡು ಗಂಟೆಯಲ್ಲಿ ಕುಡಿಯಬೇಕು. ಆದ್ದರಿಂದ ಚೊಚ್ಚಲು ಕುದುರೆಗೆ ದಿನ ತುಂಬುತ್ತಿರುವ ಲಾಯದಲ್ಲಿ ಬೇರೊಂದು ಕುದುರೆಯ ಗಿಣ್ಣು ಫ್ರೀಜರಿನಲ್ಲಿ ಮೊದಲೇ ಇರಬೇಕು. ಹುಟ್ಟಿದ 18ರಿಂದ 24 ಗಂಟೆಯ ನಡುವೆ ಮರಿಯ ರಕ್ತ ಪರೀಕ್ಷಿಸಿ, ಆ ರೋಗನಿರೋಧಕ ಪ್ರೋಟೀನು (ಐಜಿಜಿ) ಪ್ರತಿ ಡೆಸಿಲೀಟರಿಗೆ 800 ಮಿಲಿಗ್ರಾಂ ದಾಟಿದೆಯೇ ನೋಡಬೇಕು.