ಫೇಜ್‌ನಿಂದ ಮಿದುಳಿಗೆ: ಒಂದು ಬೇಸಿಗೆ ಶಾಲೆಯ ಇತಿಹಾಸ

ಬೇಸಿಗೆ ಶಾಲೆ ಎಂದೊಡನೆ ನಿಮಗೆ ಮಕ್ಕಳ ರಜಾ ಶಿಬಿರ ನೆನಪಾಗಬಹುದು. ಇಲ್ಲಿ ಹೇಳುತ್ತಿರುವುದು ಬೇರೊಂದು ಬಗೆಯ ಶಾಲೆಯ ವಿಷಯ. ಸಂಶೋಧನಾ ವಿದ್ಯಾರ್ಥಿಗಳೂ ಪಳಗಿದ ವಿಜ್ಞಾನಿಗಳೂ ಕೆಲವು ವಾರ ಒಂದೆಡೆ ಸೇರಿ, ತಮಗೆ ಹೊಸದಾದ ವಿಷಯವನ್ನು ಕೈಯಾರೆ ಪ್ರಯೋಗ ಮಾಡಿ ಕಲಿಯುವ ಶಾಲೆ ಇದು. ಮಿದುಳಿನ ಕಾಯಿಲೆಗಳನ್ನು ಅಭ್ಯಸಿಸುವವರಿಗಾಗಿ ಇಂದು ಇಂಥ ಶಾಲೆಗಳು ಹಲವು ದೇಶಗಳಲ್ಲಿ ನಡೆಯುತ್ತವೆ. ಇವುಗಳಲ್ಲಿ ಹೆಸರಾದ ಒಂದರ ಮೂಲವನ್ನು ಹುಡುಕಿದರೆ ನಾವು ತಲುಪುವುದು ಒಬ್ಬ ಭೌತವಿಜ್ಞಾನಿಯ ಬಳಿಗೆ!

ಆತನೇ ಜರ್ಮನಿಯಲ್ಲಿ ಹುಟ್ಟಿದ ಮ್ಯಾಕ್ಸ್ ಡೆಲ್‌ಬ್ರುಕ್. ಸೈದ್ಧಾಂತಿಕ ಭೌತವಿಜ್ಞಾನದಿಂದ ಜೀವವಿಜ್ಞಾನದತ್ತ ಹೊರಳಿದ್ದ ಅವರು 1945ರಲ್ಲಿ ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಬೇಸಿಗೆ ತರಗತಿಯೊಂದನ್ನು ಆರಂಭಿಸಿದರು. ಅಲ್ಲಿನ ಪಾಠದ ವಸ್ತು ಫೇಜ್, ಅಂದರೆ ಬ್ಯಾಕ್ಟೀರಿಯಗಳನ್ನು ಆಕ್ರಮಿಸುವ ವೈರಸ್. ಈ ತರಗತಿ 1970ರವರೆಗೆ ಪ್ರತಿ ಬೇಸಿಗೆಯಲ್ಲೂ ನಡೆಯಿತು. ಮರುವರ್ಷ, 1971ರಲ್ಲಿ, ಜೇಮ್ಸ್ ವಾಟ್ಸನ್ ನಿರ್ದೇಶಕರಾಗಿದ್ದಾಗ, ಅದೇ ಸಂಸ್ಥೆಯಲ್ಲಿ ನರವಿಜ್ಞಾನದ ಬೇಸಿಗೆ ತರಗತಿಗಳು ಮೊದಲಾದವು. ವುಡ್ಸ್ ಹೋಲ್‌ನ ಸಾಗರಜೀವಿ ಪ್ರಯೋಗಾಲಯದಲ್ಲಿ ಇಂಥದೇ ತರಗತಿ ಒಂದು ವರ್ಷ ಮೊದಲು ಆರಂಭವಾಗಿತ್ತು.

ಕೆಲವು ವಾರಗಳ ಕಲಿಕೆಯಿಂದ ಏನಾದೀತು ಎಂದು ನೀವು ಕೇಳಬಹುದು. ಸೀಮೋರ್ ಬೆಂಜರ್ ಅವರನ್ನು ನೋಡಿ. 1947ರಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಅವರು ಮರುವರ್ಷವೇ ಫೇಜ್ ತರಗತಿಗೆ ಸೇರಿದರು. ಮತ್ತೆ ಅರೆವಾಹಕಗಳ ಕಡೆಗೆ ಮರಳಲಿಲ್ಲ. 1960ರ ದಶಕದಲ್ಲಿ ಅವರು ಹಣ್ಣಿನ ನೊಣದ ವರ್ತನೆಗೂ ಜೀನ್‌ಗಳಿಗೂ ಇರುವ ಸಂಬಂಧವನ್ನು ಅರಸತೊಡಗಿದರು.

ಬಿಸಿಯಾದೊಡನೆ ಕಾಲು ಸೋತು ಬಿದ್ದು, ತಂಪಾದೊಡನೆ ಎದ್ದು ನಡೆಯುವ ನೊಣಗಳ ತಳಿಯೊಂದಿದೆ. ಭಾರತದ ಒಬೈದ್ ಸಿದ್ದಿಕಿ ಮತ್ತು ಬೆಂಜರ್ ಇಂಥ ನೊಣಗಳ ನರಗಳಲ್ಲಿ ಹರಿಯುವ ವಿದ್ಯುತ್ ಸಂಕೇತಗಳನ್ನು ಅಳೆದು, ತೊಂದರೆ ಇರುವುದು ನರಮಂಡಲದಲ್ಲಿ ಎಂದು 1976ರಲ್ಲಿ ತೋರಿಸಿದರು. (ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರು ಇದೇ ಸಿದ್ದಿಕಿ.) ಆ ತಳಿಯಲ್ಲಿ ಕೆಟ್ಟಿದ್ದ ಜೀನ್ ಸೋಡಿಯಂ ಚಾನಲ್‌ನದು ಎಂದು 1989ರಲ್ಲಿ ತಿಳಿಯಿತು. ಸೋಡಿಯಂ ಅಯಾನುಗಳನ್ನು ನರಕೋಶದೊಳಕ್ಕೆ ಬಿಟ್ಟು ವಿದ್ಯುತ್ ಸಂಕೇತವನ್ನು ಎಬ್ಬಿಸುವ ಸೂಕ್ಷ್ಮ ದ್ವಾರವೇ ಈ ಚಾನಲ್.

ನೊಣಕ್ಕೂ ಮನುಷ್ಯರ ಕಾಯಿಲೆಗೂ ಏನು ನಂಟು? ಹಸುಳೆಗಳನ್ನು ಕಾಡುವ ಡ್ರಾವೆ ಸಿಂಡ್ರೋಮ್ ಎಂಬ ತೀವ್ರ ಮೂರ್ಛೆ ರೋಗಕ್ಕೆ ಇಂಥದೇ ಒಂದು ಚಾನಲ್‌ನ ಜೀನ್‌ನಲ್ಲಿ ಆಗುವ ಬದಲಾವಣೆ ಕಾರಣವೆಂದು 2001ರಲ್ಲಿ ಗೊತ್ತಾಯಿತು. ಇಲ್ಲೊಂದು ಒಗಟಿದೆ. ಚಾನಲ್ ಕೆಟ್ಟರೆ ನರಕೋಶ ಮಂಕಾಗಬೇಕು. ಆದರೆ ಮಗುವಿಗೆ ಸೆಳವು ಬರುವುದೇಕೆ? ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು 2006ರಲ್ಲಿ ಉತ್ತರ ನೀಡಿದವು. ಹೆಚ್ಚಾಗಿ ಮಂಕಾಗುವುದು ಇತರ ಕೋಶಗಳನ್ನು ಅಂಕೆಯಲ್ಲಿಡುವ ನರಕೋಶಗಳು. ಅಂಕೆ ತಪ್ಪಿದಾಗ ಸೆಳವು. ಆದ್ದರಿಂದಲೇ ಸೋಡಿಯಂ ಚಾನಲ್ ತಡೆಯುವ ಕಾರ್ಬಮಜೆಪಿನ್‌ನಂಥ ಔಷಧಿ ಬೇರೆ ಹಲವು ರೋಗಿಗಳಿಗೆ ಗುಣಕಾರಿಯಾದರೂ ಈ ಮಕ್ಕಳ ಸೆಳವನ್ನು ಹೆಚ್ಚಿಸಬಲ್ಲದು. ಔಷಧಿಯ ಆಯ್ಕೆಯೇ ಈ ತಿಳಿವಿನ ಮೇಲೆ ನಿಂತಿದೆ.

ಜೀನ್ ಬಲ್ಲವರು, ವಿದ್ಯುತ್ ಅಳೆಯಬಲ್ಲವರು, ರೋಗಿಯನ್ನು ಕಂಡವರು – ಇವರೆಲ್ಲ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ದೂರ ಉಳಿದರೆ ಇಂಥ ಒಗಟುಗಳು ಬಿಡಿಸಲಾರವು. ಅವರನ್ನು ಒಂದೇ ಪ್ರಯೋಗಮೇಜಿನ ಸುತ್ತ ಕೂರಿಸುವುದೇ ಬೇಸಿಗೆ ಶಾಲೆಯ ಕೆಲಸ. ಶಿಕ್ಷಕರೇ, ಮಿದುಳಿನ ಕಾಯಿಲೆಗಳ ಬಗ್ಗೆ ಆಸಕ್ತಿಯುಳ್ಳ ವಿದ್ಯಾರ್ಥಿಗೆ ಜೀವವಿಜ್ಞಾನದ ಜೊತೆಗೆ ಓಮ್‌ನ ನಿಯಮವನ್ನೂ ಮನದಟ್ಟಾಗುವಂತೆ ಕಲಿಸಿ. ಅದು ಆತನಿಗೆ ಬೇಕಾಗುತ್ತದೆ.