ಆ ಮೇಲಿನ ಸ್ವರ ಯಾರದು?

ಒಪೆರಾವನ್ನು ಒಮ್ಮೆಯೂ ನೋಡದವರಿಗೂ ಒಪೆರಾ ಗಾಯಕನ ಒಂದು ಚಿತ್ರ ಗೊತ್ತಿರುತ್ತದೆ. ಎದೆ ಸೆಟೆಸಿ, ಎರಡೂ ಕೈ ಚಾಚಿ, ಹಾಡಿನ ತುದಿಯಲ್ಲೊಂದು ಎತ್ತರದ ಸ್ವರವನ್ನು ಬಿಡದೆ ಹಿಡಿದು ನಿಂತ ಗಂಡಸು. 1990ರ ಫುಟ್‌ಬಾಲ್ ವಿಶ್ವಕಪ್ ಪ್ರಸಾರಕ್ಕೆ ಬಿಬಿಸಿ, ಪವರೋಟ್ಟಿ ಹಾಡಿದ 'ನೆಸ್ಸುನ್ ದೋರ್ಮ'ವನ್ನು ಬಳಸಿದ ಮೇಲಂತೂ ಆ ಸ್ವರವೇ ಒಪೆರಾ ಎನ್ನುವಂತಾಯಿತು. ಒಪೆರಾದಷ್ಟೇ ಹಳೆಯ ಗಾಯನಕ್ರಮ ಇದಿರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಒಪೆರಾ ಹುಟ್ಟಿದ್ದು 1600ರ ಆಸುಪಾಸಿನಲ್ಲಿ. ಗಂಡಸರು ಆ ಎತ್ತರದ ಸ್ವರವನ್ನು ಎದೆತುಂಬಿ ಹಾಡುವುದು ರೂಢಿಗೆ ಬಂದು ಇನ್ನೂ ಇನ್ನೂರು ವರ್ಷವಾಗಿಲ್ಲ. ಅದಕ್ಕೊಂದು ತಾರೀಖು ಹೇಳಿ ಎಂದರೆ ಸಂಗೀತದ ಚರಿತ್ರೆಕಾರರು 1837ರ ಏಪ್ರಿಲ್ 17ನ್ನು ತೋರಿಸುತ್ತಾರೆ, ಊರು ಪ್ಯಾರಿಸ್. ನಾನು ಹೇಳಹೊರಟಿರುವುದು ಆ ಸಂಜೆಯ ಹಿಂದುಮುಂದಿನ ಕಥೆ. ಒಂದೇ ಪಾತ್ರವನ್ನು ಹಾಡಿದ ಇಬ್ಬರು ಗಾಯಕರು ಅದರಲ್ಲಿದ್ದಾರೆ.

ಮೊದಲು ಆ ಸ್ವರದ ಬಗ್ಗೆ ಒಂದಿಷ್ಟು. ಇಂಗ್ಲಿಷಿನವರು 'ಹೈ ಸಿ' ಎನ್ನುವ ಇದನ್ನು ಹಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 523 ಸಲ ಕಂಪಿಸುತ್ತವೆ. ನಮ್ಮಲ್ಲಿ ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸರ ತಾರ ಷಡ್ಜವಿದೆಯಲ್ಲ, ಅದಕ್ಕಿಂತ ಇನ್ನೊಂದು ಪೂರ್ತಿ ಸ್ಥಾಯಿ ಮೇಲೆ. ಅಲ್ಲಿಗೆ ಹೋಗಲು ಗಂಡು ಕಂಠಕ್ಕೆ ಸಹಜವಾದ ದಾರಿಯೊಂದಿದೆ. ಮಾತಾಡುವಾಗ ದಪ್ಪವಾಗಿ ಕೂಡಿ ಕಂಪಿಸುವ ತಂತುಗಳು ಮೇಲಕ್ಕೆ ಹೋದಂತೆ ತೆಳ್ಳಗಾಗಿ, ಅಂಚುಗಳಷ್ಟೇ ಮಿಡಿಯುತ್ತವೆ. ದನಿ ಹಗುರಾಗಿ ತಲೆಯೊಳಗೆ ಮೊಳಗಿದಂತೆ ಕೇಳುತ್ತದೆ. ಇಟಲಿಯವರು ಇದಕ್ಕೆ 'ಫಾಲ್ಸೆತ್ತೊ' ಎಂದರು, ಸುಳ್ಳು ದನಿ ಎಂಬ ಅರ್ಥದಲ್ಲಿ. ನಮ್ಮವರು ಇದನ್ನೇ 'ಕಳ್ಳ ದನಿ' ಎನ್ನುತ್ತಾರೆ. ಎರಡು ದೂರದ ಭಾಷೆಗಳು ಒಂದೇ ಅನುಮಾನದಿಂದ ಹೆಸರಿಟ್ಟಿವೆ.

ಆದರೆ 19ನೇ ಶತಮಾನದ ಆರಂಭದ ಯುರೋಪಿನಲ್ಲಿ ಇದು ಕಳ್ಳತನವಾಗಿರಲಿಲ್ಲ, ಕಲೆಯಾಗಿತ್ತು. ಎದೆಯ ದನಿ ಎಲ್ಲಿ ಮುಗಿದು ತಲೆಯ ದನಿ ಎಲ್ಲಿ ಶುರುವಾಯಿತೆಂದು ಕೇಳುಗನಿಗೆ ಗೊತ್ತಾಗದಂತೆ ಬೆಸುಗೆ ಹಾಕುವುದನ್ನು ಟೆನರ್ ಗಾಯಕರು ವರ್ಷಗಟ್ಟಲೆ ಕಲಿಯುತ್ತಿದ್ದರು. ರೊಸ್ಸೀನಿ, ಬೆಲ್ಲೀನಿ ಬರೆದ ಎತ್ತರದ ಸ್ವರಗಳು ಈ ಕಂಠಗಳಿಗಾಗಿ ಬರೆದವು.

ಆ ಕಲೆಯ ದೊಡ್ಡ ಹೆಸರು ಅಡಾಲ್ಫ್ ನೂರ್ರಿ. 1802ರಲ್ಲಿ ಮಾಂಪೆಲಿಯೆಯಲ್ಲಿ ಹುಟ್ಟಿದವನು. ತಂದೆಯೂ ಪ್ಯಾರಿಸ್ ಒಪೆರಾದ ಟೆನರ್. 1821ರಲ್ಲಿ ಅದೇ ರಂಗದ ಮೇಲೆ ಬಂದ ಮಗ, ಮುಂದಿನ ಹದಿನೈದು ವರ್ಷ ಅಲ್ಲಿನ ಮುಖ್ಯ ಪಾತ್ರಗಳನ್ನೆಲ್ಲ ಹಾಡಿದ. ರೊಸ್ಸೀನಿಯ 'ವಿಲಿಯಂ ಟೆಲ್' (1829), ಮೇಯರ್‌ಬೇರ್‌ನ 'ಹ್ಯೂಗನಾಟ್ಸ್' (1836) ಮೊದಲಾದವುಗಳ ನಾಯಕ ಪಾತ್ರಗಳು ಇವನ ಕಂಠಕ್ಕೆ ಅಳತೆ ತೆಗೆದು ಹೊಲಿದ ಅಂಗಿಗಳು. ಅವನದು ಬರಿಯ ಕಂಠವಲ್ಲ, ಓದಿಕೊಂಡ ಮನಸ್ಸು. 'ಲಾ ಸಿಲ್ಫೀಡ್' ಬ್ಯಾಲೆಗೆ ಕಥೆ ಬರೆದುಕೊಟ್ಟವನು, ಶೂಬರ್ಟ್‌ನ ಹಾಡುಗಳನ್ನು ಫ್ರಾನ್ಸಿನ ಕೇಳುಗರಿಗೆ ಪರಿಚಯಿಸಿದವನು. ಮಾತಿನ ಅರ್ಥಕ್ಕೆ ತಕ್ಕಂತೆ ದನಿಯ ಬಣ್ಣ ಬದಲಿಸುವುದು ಅವನ ಹೆಗ್ಗಳಿಕೆ.

'ವಿಲಿಯಂ ಟೆಲ್'ನಲ್ಲಿ ಅವನದು ಆರ್ನಾಲ್ಡ್‌ನ ಪಾತ್ರ. ನಾಲ್ಕನೆಯ ಅಂಕದಲ್ಲಿ ಆರ್ನಾಲ್ಡ್, ಶತ್ರುಗಳು ಕೊಂದ ತನ್ನ ತಂದೆಯ ಖಾಲಿ ಮನೆಯ ಮುಂದೆ ನಿಂತು ಹಾಡುತ್ತಾನೆ. ಮೊದಲ ಭಾಗ ಅಗಲಿಕೆಯದು, ನಿಧಾನದ್ದು. ಆಮೇಲೆ ಗೆಳೆಯರು ಬಂದು ಸೇರುತ್ತಾರೆ. ಹಾಡು ಸೇಡಿನ ಕರೆಯಾಗುತ್ತದೆ. ಆ ಎತ್ತರದ ಸ್ವರ ಮತ್ತೆ ಮತ್ತೆ ಬರುತ್ತದೆ. ನೂರ್ರಿ ಅದನ್ನು ತಲೆಯ ದನಿಯಲ್ಲಿ ಹಾಡುತ್ತಿದ್ದ. ರೊಸ್ಸೀನಿಯ ಕಿವಿಯಲ್ಲಿದ್ದದ್ದೂ ಅದೇ ನಾದ.

ಇನ್ನೊಬ್ಬ ಗಿಲ್ಬೇರ್ ಡ್ಯೂಪ್ರೆ, ನೂರ್ರಿಗಿಂತ ನಾಲ್ಕು ವರ್ಷ ಚಿಕ್ಕವನು. ಪ್ಯಾರಿಸ್ಸಿನ ಒಡೆಯೋನ್ ರಂಗಮಂದಿರದಲ್ಲಿ 1825ರಲ್ಲಿ ಹಾಡಿದಾಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಇಟಲಿಗೆ ಹೋದ. 1831ರಲ್ಲಿ ಲುಕ್ಕಾ ಎಂಬ ಊರಿನಲ್ಲಿ ಇಟಾಲಿಯನ್ 'ಟೆಲ್' ಆಡಿದಾಗ ಆರ್ನಾಲ್ಡ್‌ನ ಪಾತ್ರ ಇವನ ಪಾಲಿಗೆ ಬಂತು. ಅಲ್ಲಿ ಆ ಸ್ವರವನ್ನು ತೆಳ್ಳಗೆ ಮಾಡದೆ ಎದೆಯ ದನಿಯಲ್ಲೇ ಮೇಲಕ್ಕೆ ಒಯ್ದ. ನಾಲ್ಕು ವರ್ಷದ ಮೇಲೆ ದೊನಿಜೆಟ್ಟಿ ನೇಪಲ್ಸ್‌ನಲ್ಲಿ 'ಲುಚಿಯಾ ದಿ ಲಾಮ್ಮೆರ್‌ಮೂರ್' ರಂಗಕ್ಕೇರಿಸಿದಾಗ ನಾಯಕ ಇವನೇ. ಕೀರ್ತಿ ಪ್ಯಾರಿಸ್ಸಿಗೂ ಮುಟ್ಟಿತು. ಒಪೆರಾದ ಆಡಳಿತ ಅವನನ್ನು ನೂರ್ರಿಯ ಸಮಕ್ಕೆ ಕರೆಸಿಕೊಂಡಿತು. ನೂರ್ರಿ ರಾಜೀನಾಮೆ ಕೊಟ್ಟ. 1837ರ ಏಪ್ರಿಲ್ 1ರಂದು ಅವನ ವಿದಾಯದ ಪ್ರದರ್ಶನ. ಹದಿನಾರು ದಿನ ಕಳೆದ ಮೇಲೆ ಅದೇ ರಂಗ, ಅದೇ ಆರ್ನಾಲ್ಡ್, ಆದರೆ ಡ್ಯೂಪ್ರೆಯ ಕಂಠ.

ಜನ ಹುಚ್ಚೆದ್ದರು. ರೊಸ್ಸೀನಿ ಮಾತ್ರ ಮುಖ ಕಿವುಚಿದನಂತೆ. ಕತ್ತು ಕುಯ್ಯಿಸಿಕೊಳ್ಳುವ ಹುಂಜದ ಕೂಗಿಗೆ ಅದನ್ನು ಹೋಲಿಸಿದನೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಆದರೆ ಸಂಯೋಜಕನ ಕಿವಿಗಿಂತ ಚಪ್ಪಾಳೆಯ ಸದ್ದು ದೊಡ್ಡದಾಗಿತ್ತು.

ಡ್ಯೂಪ್ರೆ ಮಾಡಿದ್ದಾದರೂ ಏನು? ಸುಮ್ಮನೆ ಕಿರುಚಿದ್ದಲ್ಲ. ಮೇಲಕ್ಕೆ ಹೋದಂತೆ ನಮ್ಮ ಧ್ವನಿಪೆಟ್ಟಿಗೆಯೂ ಗಂಟಲಲ್ಲಿ ಮೇಲೇರುತ್ತದೆ. ಹಾಡುವಾಗ ಕತ್ತಿನ ಮೇಲೆ ಬೆರಳಿಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ. ಹೊಸ ಕ್ರಮದಲ್ಲಿ ಅದನ್ನು ಕೆಳಗೇ ನಿಲ್ಲಿಸಬೇಕು, ಗಂಟಲನ್ನು ಅಗಲಿಸಬೇಕು, ಸ್ವರಾಕ್ಷರಗಳನ್ನು ಕೊಂಚ ಕಪ್ಪಾಗಿಸಬೇಕು: 'ಆ' ಎಂಬುದು 'ಓ'ಕಾರದ ಕಡೆಗೆ ವಾಲಬೇಕು. 1840ರಲ್ಲಿ ಲಿಯೋನ್‌ನ ಇಬ್ಬರು ವೈದ್ಯರು, ಡಿಡೇ ಮತ್ತು ಪೆಟ್ರಕ್ಯಾಂ, ಈ 'ಮಬ್ಬು ದನಿ'ಯ ಬಗ್ಗೆ ಪ್ರಬಂಧವನ್ನೇ ಬರೆದರು. ಈ ಚರ್ಚೆಯಲ್ಲಿ ಸೇರಿಕೊಂಡ ಸಂಗೀತದ ಮೇಷ್ಟ್ರು ಮಾನ್ಯುಯೆಲ್ ಗಾರ್ಸಿಯಾ. ನೂರ್ರಿಗೆ ಪಾಠ ಹೇಳಿದವನೂ ಇದೇ ಹೆಸರಿನ ಇವನ ತಂದೆ. ಮಗ ಗಾರ್ಸಿಯಾ 1854ರಲ್ಲಿ ಪುಟ್ಟ ಕನ್ನಡಿಯೊಂದನ್ನು ಗಂಟಲಿಗಿಟ್ಟು, ಹಾಡುತ್ತಿರುವ ತನ್ನದೇ ಧ್ವನಿತಂತುಗಳನ್ನು ನೋಡಿದ. ಇಂದು ಗಂಟಲಿನ ವೈದ್ಯರು ಬಳಸುವ ಉಪಕರಣದ ಮೂಲ ಅಲ್ಲಿದೆ.

ಈ ದನಿಗೆ ಮೈಕ್ ಬೇಕಿಲ್ಲ ಎಂಬುದಕ್ಕೂ ಕಾರಣವಿದೆ. ವಾದ್ಯಮೇಳದ ಬಲವೆಲ್ಲ 500 ಹರ್ಟ್ಸ್ ಸುತ್ತಮುತ್ತ. ಅದರಿಂದ ಮೇಲಕ್ಕೆ ಅದು ಇಳಿಯುತ್ತ ಹೋಗುತ್ತದೆ. ಹೀಗೆ ಪಳಗಿದ ಗಂಡುಕಂಠವೋ 3000 ಹರ್ಟ್ಸ್ ಆಸುಪಾಸಿನಲ್ಲಿ ವಿಶೇಷವಾಗಿ ಮೊಳಗುತ್ತದೆ ಎಂದು ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ತೋರಿಸಿಕೊಟ್ಟರು. ಎಂಬತ್ತು ವಾದ್ಯಗಳ ನಡುವಿನ ಆ ಸಂದಿಯಿಂದ ಒಂಟಿ ಕಂಠವೊಂದು ಕೊನೆಯ ಸಾಲನ್ನು ಮುಟ್ಟುತ್ತದೆ. ರಂಗಮಂದಿರಗಳೂ ವಾದ್ಯಮೇಳಗಳೂ ದೊಡ್ಡದಾಗುತ್ತಿದ್ದ ಕಾಲಕ್ಕೆ ಹೊಸ ಕ್ರಮ ಗೆದ್ದದ್ದು ಆಶ್ಚರ್ಯವಲ್ಲ.

ಸೋತವನ ಕಥೆ ಬೇರೆ. ನೂರ್ರಿಯೂ ಇಟಲಿಗೆ ಹೋದ. ನೇಪಲ್ಸ್‌ನಲ್ಲಿ ದೊನಿಜೆಟ್ಟಿಯ ಬಳಿ ಹೊಸ ಕ್ರಮ ಕಲಿಯಲು ಕುಳಿತ. ಮೂವತ್ತಾರು ವರ್ಷದ, ಒಂದು ದೇಶವೇ ಮೆಚ್ಚಿದ ಗಾಯಕ ಮತ್ತೆ ವಿದ್ಯಾರ್ಥಿಯಾದ. ಹೊಸದು ಪೂರ್ತಿ ಕೈಹತ್ತಲಿಲ್ಲ. ಅದರ ಬೆನ್ನು ಹತ್ತಿದ್ದರಿಂದ ಹಳೆಯ ತಲೆಯ ದನಿಯೂ ಕೈಬಿಟ್ಟಿತು. ದೊನಿಜೆಟ್ಟಿ ಅವನಿಗಾಗಿ 'ಪೊಲಿಯುತೊ' ಬರೆದ. ಸಂತನ ಬಲಿದಾನವನ್ನು ರಂಗದ ಮೇಲೆ ತೋರಿಸಕೂಡದೆಂದು ನೇಪಲ್ಸ್‌ನ ದೊರೆ ತಡೆದ. ಕಾಯಿಲೆ, ನಿರಾಶೆ ಎರಡೂ ಕೂಡಿದವು. 1839ರ ಮಾರ್ಚ್ 8ರ ಬೆಳಗಿನ ಜಾವ, ಹಿಂದಿನ ಸಂಜೆಯಷ್ಟೇ ಕಛೇರಿಯೊಂದರಲ್ಲಿ ಹಾಡಿ ಬಂದಿದ್ದ ನೂರ್ರಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಆಗಷ್ಟೇ ಮೂವತ್ತೇಳು ತುಂಬಿತ್ತು. ದೇಹವನ್ನು ಫ್ರಾನ್ಸಿಗೆ ತರುವಾಗ ಮಾರ್ಸೇಯ ಚರ್ಚಿನಲ್ಲಿ ಪ್ರಾರ್ಥನೆ ನಡೆಯಿತು. ಆರ್ಗನ್ ನುಡಿಸಿದವನು ಶೊಪಾನ್. ನುಡಿಸಿದ್ದು ಶೂಬರ್ಟ್‌ನ ಹಾಡೊಂದನ್ನು. ಮರುವರ್ಷ 'ಪೊಲಿಯುತೊ' ಫ್ರೆಂಚ್ ರೂಪ ತಾಳಿ ಪ್ಯಾರಿಸ್ಸಿನಲ್ಲಿ ರಂಗಕ್ಕೇರಿತು. ನೂರ್ರಿಗಾಗಿ ಬರೆದ ಪಾತ್ರವನ್ನು ಹಾಡಿದವನು ಡ್ಯೂಪ್ರೆ.

ಇದನ್ನು ಖಳನಾಯಕನ ಕಥೆಯಾಗಿ ಓದಬಾರದು. ಡ್ಯೂಪ್ರೆ ಯಾರಿಗೂ ಕೇಡು ಬಗೆದವನಲ್ಲ. ತನ್ನ ಕ್ರಮಕ್ಕೆ ಅವನೂ ಬೆಲೆ ಕೊಟ್ಟ. ದನಿ ಬೇಗ ಸವೆಯಿತು, 1849ಕ್ಕೆ ಒಪೆರಾ ಬಿಟ್ಟ. ಆಮೇಲೆ ಪಾಠ ಹೇಳುತ್ತ, ಪುಸ್ತಕ ಬರೆಯುತ್ತ 1896ರವರೆಗೆ ಬಾಳಿದ. ಅಷ್ಟರಲ್ಲಿ ಅವನ ಸ್ವರ ಎಲ್ಲ ಟೆನರ್‌ಗಳ ಪರೀಕ್ಷೆಯಾಗಿಬಿಟ್ಟಿತ್ತು.

ನನಗೆ ಕುತೂಹಲವಿರುವುದು ಮುಂದಿನದರ ಬಗ್ಗೆ. ಜನಪ್ರಿಯ ಆರಿಯಾಗಳನ್ನು ಈ ಸ್ವರ ತಿದ್ದಿ ಬರೆಯತೊಡಗಿತು. ವೆರ್ಡಿಯ 'ಇಲ್ ತ್ರೊವತೋರೆ' (1853) ನೋಡಿ. ತಾಯಿಯನ್ನು ಸುಡಲು ಚಿತೆ ಸಿದ್ಧವಾಗಿದೆಯೆಂದು ತಿಳಿದ ಮನ್ರೀಕೊ ಕತ್ತಿ ಹಿಡಿದು ಹೊರಡುವ ಹಾಡು 'ದಿ ಕ್ವೆಲ್ಲಾ ಪೀರಾ'. ಅದರ ತುದಿಯ ಹೈ ಸಿ ವೆರ್ಡಿ ಬರೆದದ್ದಲ್ಲ, ಗಾಯಕರು ಸೇರಿಸಿದ್ದು. ಎಷ್ಟೋ ಟೆನರ್‌ಗಳು ಅದನ್ನು ಮುಟ್ಟಲಿಕ್ಕೆಂದೇ ಇಡೀ ಹಾಡನ್ನು ಅರ್ಧ ಸ್ವರ ಇಳಿಸಿಕೊಳ್ಳುತ್ತಾರೆ. ಬರೆಯದ ಸ್ವರಕ್ಕಾಗಿ ಬರೆದ ಹಾಡು ಕೆಳಗಿಳಿಯುತ್ತದೆ! 'ತುರಾನ್‌ದೊ' (1926) ನಾಟಕದ 'ನೆಸ್ಸುನ್ ದೋರ್ಮ' ಇನ್ನೊಂದು. ಗೆಲ್ಲುತ್ತೇನೆ ಎಂಬರ್ಥದ ಕೊನೆಯ ಪದದಲ್ಲಿ ಬರುವ ಮೇಲಿನ ಸ್ವರವನ್ನು ಪುಚೀನಿ ಕ್ಷಣಮಾತ್ರಕ್ಕೆ ಬರೆದಿದ್ದಾನೆ; ಉದ್ದ ನಿಲ್ಲಬೇಕಾದದ್ದು ಅದರ ಕೆಳಗಿನ ಸ್ವರ. ನಾಟಕದಲ್ಲಿ ಸಂಗೀತ ಅಲ್ಲಿ ನಿಲ್ಲುವುದೂ ಇಲ್ಲ, ಮುಂದಕ್ಕೆ ಹರಿಯುತ್ತದೆ. ಹಿಡಿದು ನಿಲ್ಲುವುದು ಗಾಯಕರ ಕೊಡುಗೆ, ಚಪ್ಪಾಳೆ ನಮ್ಮದು.

2000ದ ಡಿಸೆಂಬರ್‌ನಲ್ಲಿ ಮಿಲಾನ್‌ನ ಲಾ ಸ್ಕಾಲಾದಲ್ಲಿ ರಿಕಾರ್ಡೊ ಮುಟಿ, ವೆರ್ಡಿ ಬರೆದಂತೆಯೇ ಹಾಡಿಸುವೆನೆಂದು ಆ ಹೈ ಸಿಯನ್ನು ತೆಗೆಸಿದರು. ಮೇಲಿನ ಗ್ಯಾಲರಿಯ ರಸಿಕರು ಕೂಗಾಡಿದರು. ಕಂಪನಿ ನಾಟಕಗಳ 'ಒನ್ಸ್ ಮೋರ್' ಕೇಳಿದ ನಮಗೆ ಆ ಸಿಟ್ಟು ಅರ್ಥವಾಗದ್ದೇನಲ್ಲ. ಒಂದೂವರೆ ಶತಮಾನ ಕೇಳಿದ ಸ್ವರ ಜನರದೂ ಆಗಿರುತ್ತದೆ. ಆದರೆ ಮುಟಿಯವರ ಹಟದಲ್ಲೂ ಅರ್ಥವಿದೆ. ತಾಯಿಯನ್ನು ಉಳಿಸಲು ಓಡಬೇಕಾದ ಮಗ ರಂಗದ ಅಂಚಿಗೆ ಬಂದು ಸ್ವರ ಹಿಡಿದು ನಿಂತರೆ ಅಲ್ಲಿ ಮನ್ರೀಕೊ ಇರುವುದಿಲ್ಲ, ಟೆನರ್ ಮಾತ್ರ ಇರುತ್ತಾನೆ. ಸ್ವರ ಬರೆದದ್ದೋ ಸೇರಿಸಿದ್ದೋ ಎಂಬುದಕ್ಕಿಂತ, ಅದು ಪಾತ್ರದ ಬಾಯಿಂದ ಬಂತೋ ಗಾಯಕನ ಬಾಯಿಂದ ಬಂತೋ ಎಂಬುದು ನನಗೆ ಮುಖ್ಯ. ಆರ್ನಾಲ್ಡ್‌ನ ಸೇಡಿಗೆ ಡ್ಯೂಪ್ರೆಯ ದನಿ ಒಪ್ಪಿರಬಹುದು. ಅದೇ ಆರ್ನಾಲ್ಡ್‌ನ ಖಾಲಿ ಮನೆಗೆ ನೂರ್ರಿಯೇ ಬೇಕಿತ್ತೇನೋ.

ಇಬ್ಬರನ್ನೂ ಕೇಳಿದ ಧ್ವನಿಮುದ್ರಣ ಯಂತ್ರವಿರಲಿಲ್ಲ. ಆದರೆ ಇಬ್ಬರೂ ಒಂದೇ ಕಂಠದಲ್ಲಿ ಸಿಗುವ ಜಾಗವೊಂದಿದೆ. ವೆರ್ಡಿಯ 'ಐದಾ' (1871) ಒಪೆರಾದ 'ಚೆಲೆಸ್ತೆ ಐದಾ' ಆರಿಯಾದ ಕೊನೆಯ ಎತ್ತರದ ಸ್ವರಕ್ಕೆ ವೆರ್ಡಿ ಕೊಟ್ಟ ಸೂಚನೆ: ಅತಿ ಮೆಲ್ಲಗೆ, ಆರುತ್ತ ಹೋಗುವಂತೆ. ಹೆಚ್ಚಿನವರು ಅದನ್ನು ಗಟ್ಟಿಯಾಗಿಯೇ ಹಾಡಿ ಮುಗಿಸುತ್ತಾರೆ. 1960ರ ದಶಕದಲ್ಲಿ ನಮ್ಮ ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ನಿರ್ದೇಶನದಲ್ಲಿ ಫ್ರಾಂಕೊ ಕೊರೆಲ್ಲಿ ಹಾಡಿದ ಮುದ್ರಿಕೆ ಸಿಕ್ಕರೆ ಕೇಳಿ. ಎದೆತುಂಬಿದ ದನಿ ಸ್ವರವನ್ನು ಬಿಡದೆ ತೆಳ್ಳಗಾಗುತ್ತ ಆಗುತ್ತ ಎಳೆಯಷ್ಟಾಗಿ ಉಳಿಯುತ್ತದೆ. ಪ್ರೀತಿಸಿದವಳನ್ನು ಮನಸ್ಸಿನಲ್ಲೇ ಕಾಣುತ್ತಿರುವ ಸೈನಿಕನೊಬ್ಬ ಹಾಗಲ್ಲದೆ ಬೇರೆ ಹೇಗೆ ಹಾಡಿಯಾನು?