ಕಣಗಿಲೆ: ಹೆಸರಿನಲ್ಲೇ ಇದ್ದ ಎಚ್ಚರಿಕೆ

ಬಿರುಬಿಸಿಲಿಗೆ ಬಾಡದೆ, ಹೆಚ್ಚು ನೀರನ್ನೂ ಬೇಡದೆ, ವರ್ಷದ ಬಹುಭಾಗ ಹೂವಿನಿಂದ ತುಂಬಿರುವ ಪೊದೆಗಳಲ್ಲಿ ಕಣಗಿಲೆಗೆ ಅಗ್ರಸ್ಥಾನವಿದೆ. ಬಿಳಿ, ಕೆಂಪು, ಗುಲಾಬಿ ವರ್ಣಗಳ ಈ ಪುಷ್ಪವು ಗೃಹೋದ್ಯಾನಗಳಿಗೂ ದೇವಾಲಯಗಳ ಹೂದೋಟಗಳಿಗೂ ಬಹುಕಾಲದಿಂದ ಶೋಭೆಯನ್ನು ತಂದಿದೆ. ಆದರೆ ಇದರ ಎಲೆ, ಹೂ, ತೊಗಟೆ, ಬೇರು, ಬೀಜ ಎಲ್ಲವೂ ವಿಷಮಯವೆಂಬುದು ಅಷ್ಟೇ ಸತ್ಯ.

ಪ್ರಾಚೀನರು ಇದನ್ನು ಚೆನ್ನಾಗಿ ಅರಿತಿದ್ದರು. ಸಂಸ್ಕೃತದಲ್ಲಿ ಇದು ಕರವೀರ. ಅಮರಕೋಶವು ಇದಕ್ಕೆ ನೀಡುವ ಪರ್ಯಾಯನಾಮಗಳಲ್ಲಿ 'ಹಯಮಾರಕ' ಒಂದು. ಕುದುರೆಯನ್ನು ಕೊಲ್ಲುವುದೆಂದು ಅದರ ಅರ್ಥ. ಸುಶ್ರುತಸಂಹಿತೆಯ ಕಲ್ಪಸ್ಥಾನವು 'ಅಶ್ವಮಾರ'ವನ್ನು ಬೇರಿನ ವಿಷಗಳ ಸಾಲಿನಲ್ಲಿ ಎಣಿಸಿದೆ. ಕನ್ನಡದಲ್ಲಿಯೂ ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿ, ಸ್ಥಾವರ ಹಾಗೂ ಜಂಗಮ ವಿಷಗಳ ಜ್ಞಾನವನ್ನು ಜನಭಾಷೆಗೆ ತಂದನು. ವಿಷವನ್ನು ಬಲ್ಲವನು ಅದನ್ನು ಇತರರಿಗೆ ತಿಳಿಸಬೇಕೆಂಬ ಹೊಣೆಯನ್ನು ಆ ಪರಂಪರೆ ಮರೆತಿರಲಿಲ್ಲ.

ಕಾಲಕ್ರಮದಲ್ಲಿ ಹೂವು ಉಳಿಯಿತು, ಎಚ್ಚರಿಕೆಯ ಹೆಸರು ಮರೆಯಾಯಿತು. ಅಮೆರಿಕ ಖಂಡದಿಂದ ಬಂದ ಹಳದಿ ಕಣಗಿಲೆಯೂ ನಮ್ಮ ತೋಟಗಳನ್ನು ಸೇರಿತು, ಅದೂ ವಿಷವೃಕ್ಷವೇ.

ಕಣಗಿಲೆಯ ಪ್ರಧಾನ ವಿಷಾಂಶಕ್ಕೆ ಆಧುನಿಕ ವಿಜ್ಞಾನವು ಓಲಿಯಾಂಡ್ರಿನ್ ಎಂದು ಹೆಸರಿಟ್ಟಿದೆ. ಇದು ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಸಮತೋಲನವನ್ನು ಕೆಡಿಸಿ, ಬಡಿತದ ಲಯವನ್ನು ತಪ್ಪಿಸುತ್ತದೆ. ಎಲೆ ಒಣಗಿದರೂ ವಿಷ ಉಳಿಯುತ್ತದೆ. ಹಸಿರೆಲೆಯನ್ನು ಕಹಿಯೆಂದು ದೂರವಿಡುವ ದನವು ಮೇವಿನೊಡನೆ ಬೆರೆತ ಒಣ ಎಲೆಯನ್ನು ಅರಿಯದೆ ತಿನ್ನಬಹುದು. ಸವರಿದ ರೆಂಬೆಗಳನ್ನು ಸುಟ್ಟ ಹೊಗೆಯೂ ಹಾನಿಕರ.

ಈ ವಿಸ್ಮೃತಿಯ ಬೆಲೆ ಎಂತಹುದೆಂಬುದು 2024ರಲ್ಲಿ ಕೇರಳದಲ್ಲಿ ಪ್ರಕಟವಾಯಿತು. ಅಲ್ಲಿ ಅರಳಿ ಎಂದು ಕರೆಯಲ್ಪಡುವ ಇದೇ ಗಿಡದ ಎಲೆಯನ್ನು ಅರಿಯದೆ ಅಗಿದುದರಿಂದ ಯುವತಿಯೊಬ್ಬಳು ಮೃತಳಾದಳೆಂಬ ಶಂಕೆ ಮೂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ತಿರುವಾಂಕೂರು ಹಾಗೂ ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯದಲ್ಲಿಯೂ ಪ್ರಸಾದದಲ್ಲಿಯೂ ಅರಳಿ ಹೂವನ್ನು ಬಳಸಬಾರದೆಂದು ನಿರ್ಧರಿಸಿದವು. ತುಳಸಿ, ಮಲ್ಲಿಗೆ, ಗುಲಾಬಿಗಳು ಅದರ ಸ್ಥಾನಕ್ಕೆ ಬಂದವು. ಸಂಪ್ರದಾಯವನ್ನು ಗೌರವಿಸುತ್ತಲೇ ಜೀವರಕ್ಷಣೆಗೆ ಆದ್ಯತೆಯಿತ್ತ ಈ ನಿರ್ಧಾರ ಶ್ಲಾಘನೀಯ.

ಇಲ್ಲಿ ಗಿಡದ ದೋಷವೇನೂ ಇಲ್ಲ. ವಿಷವು ಅದರ ಆತ್ಮರಕ್ಷಣೆಯ ಸಾಧನ. ಆದುದರಿಂದ ಕಣಗಿಲೆಯನ್ನು ಕಂಡಲ್ಲೆಲ್ಲ ಕಿತ್ತೊಗೆಯಬೇಕಾಗಿಲ್ಲ. ಮಕ್ಕಳು ಆಡುವ ಎಡೆಯಿಂದಲೂ ದನಗಳ ಕೊಟ್ಟಿಗೆಯಿಂದಲೂ ದೂರದಲ್ಲಿ ನೆಡುವುದು, ಸವರುವಾಗ ಕೈಗವಸು ತೊಡುವುದು, ಕತ್ತರಿಸಿದ ರೆಂಬೆಗಳನ್ನು ಬಯಲಿನಲ್ಲಿ ಚೆಲ್ಲದಿರುವುದು, ಭಕ್ತರು ಬಾಯಿಗಿಡುವ ಯಾವುದರೊಡನೆಯೂ ಹೂವನ್ನು ಬೆರೆಸದಿರುವುದು: ಇಷ್ಟು ಸಾಕು. ಯಾರಾದರೂ ತಿಂದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಅರಿಯದೆ ಆಗುವ ಹಿಂಸೆಗೆ ನಾವು ಹೊಣೆಯಲ್ಲವೆಂದು ಹೇಳುವುದು ಸುಲಭ. ಆದರೆ ಅರಿಯಲು ಸಾಧ್ಯವಿದ್ದೂ ಅರಿಯದಿರುವುದೇ ಪ್ರಮಾದ. ಗಿಡವನ್ನು ನೆಟ್ಟವನು ಅದರ ಹಳೆಯ ಹೆಸರನ್ನೂ ಮುಂದಿನವರಿಗೆ ಹೇಳಿಕೊಡಬೇಕು.